ಗಂಡಸಿನದೆಂದು ಹೆಸರಿಟ್ಟ ಹಾರ್ಮೋನು

ಬಿ.ಸಿ. ರೋಡ್, ಉಜಿರೆ, ಮೂಡುಬಿದಿರೆ – ಯಾವ ಪೇಟೆಗೆ ಹೋದರೂ ಇಂದು ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಬರವಿಲ್ಲ. ಮೂರು ನಾಲ್ಕು ತಿಂಗಳಿಂದ ಮುಟ್ಟಾಗದ ಮಗಳನ್ನು ಕರೆದುಕೊಂಡು ತಾಯಿ ಡಾಕ್ಟರರ ಬಳಿ ಹೋಗುತ್ತಾಳೆ. ಡಾಕ್ಟರು ಸ್ಕ್ಯಾನಿಂಗ್ ಬರೆಯುತ್ತಾರೆ, ಥೈರಾಯ್ಡ್ ಬರೆಯುತ್ತಾರೆ, ಶುಗರ್ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಪರೀಕ್ಷೆಯ ಹೆಸರೂ ಇರುತ್ತದೆ: ಟೆಸ್ಟೋಸ್ಟೆರಾನ್. ಸಂಜೆ ಕೈಗೆ ಬಂದ ವರದಿಯಲ್ಲಿ ಆ ಹೆಸರಿನ ಮುಂದಿನ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. "ಇದು ಗಂಡಸರದ್ದಲ್ವಾ? ಇವಳಿಗೆ ಹೇಗೆ ಬಂತು?" ಎಂಬ ಪ್ರಶ್ನೆ ಅವಳ ಬಾಯಿಗೆ ಬರುತ್ತದೆ, ಆದರೆ ಕೇಳಲು ನಾಚಿಕೆ. ವರದಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳದಲ್ಲಿಡುತ್ತಾಳೆ. ಅತ್ತೆಗೂ ನಾದಿನಿಗೂ ಗೊತ್ತಾಗಬಾರದು. ನಾಳೆ ಹುಡುಗಿಯನ್ನು ನೋಡಲು ಬರುವವರಿಗಂತೂ ಖಂಡಿತ ಗೊತ್ತಾಗಬಾರದು.

ಆ ತಾಯಿ ಕೇಳದೆ ನುಂಗಿಕೊಂಡ ಪ್ರಶ್ನೆಗೆ ನೂರಾರು ವರ್ಷಗಳ ಇತಿಹಾಸವಿದೆ. ಹೆಣ್ಣಿನ ಮೈಯಲ್ಲಿ ಹುಟ್ಟಿನಿಂದಲೇ ಇರುವ ವಸ್ತುವೊಂದಕ್ಕೆ ಗಂಡಿನ ಹೆಸರು ಬಿದ್ದದ್ದು ಹೇಗೆ, ಆ ಹೆಸರಿಗಾಗಿ ಹೆಣ್ಣುಮಕ್ಕಳು ಎಲ್ಲೆಲ್ಲಿ ಬೆಲೆ ತೆತ್ತರು ಎಂಬುದನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಯುನಾನಿಯ ಕಾಲದಲ್ಲಿ

ಹಾರ್ಮೋನು ಎಂಬ ಶಬ್ದ ಹುಟ್ಟುವುದಕ್ಕಿಂತ ಸಾವಿರಾರು ವರ್ಷಗಳ ಹಿಂದೆಯೇ ವೈದ್ಯರು ಈ ಸಂಗತಿಯನ್ನು ಗಮನಿಸಿದ್ದರು. ಗ್ರೀಕ್ ವೈದ್ಯ ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಅಬ್ದೇರಾ ಎಂಬ ಊರಿನ ಫೇತೂಸಾ ಎಂಬ ಗೃಹಿಣಿಯ ಪ್ರಸ್ತಾಪ ಬರುತ್ತದೆ. ಆಕೆ ಮಕ್ಕಳನ್ನು ಹೆತ್ತವಳು. ಗಂಡ ಗಡಿಪಾರಾದ ಬಳಿಕ ಆಕೆಯ ಮುಟ್ಟು ನಿಂತಿತು, ಕೀಲುಗಳಲ್ಲಿ ನೋವು ಬಂತು, ಮೈಮೇಲೆಲ್ಲ ರೋಮ ಬೆಳೆಯಿತು, ಗಡ್ಡ ಬಂತು, ದನಿ ಒರಟಾಯಿತು. ವೈದ್ಯರು ಮುಟ್ಟು ಬರಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಸ್ವಲ್ಪ ಕಾಲದಲ್ಲೇ ಆಕೆ ತೀರಿಕೊಂಡಳು. ಗಂಡನ ಅಗಲಿಕೆಯೇ ಕಾರಣವೆಂದು ಓದುಗರು ಶತಮಾನಗಳ ಕಾಲ ಅರ್ಥ ಮಾಡಿಕೊಂಡರು. ಇಂದಿನ ವೈದ್ಯರು ಅದೇ ನಾಲ್ಕು ಸಾಲು ಓದಿದರೆ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇದ್ದಿರಬಹುದೇ ಎಂದು ಮೊದಲು ಸಂಶಯಪಡುತ್ತಾರೆ.

ಈ ಗ್ರೀಕ್ ವೈದ್ಯಕೀಯವೇ ಅರಬ್ಬೀ ಭಾಷೆಗೆ ಬಂದು, ಇಬ್ನ್ ಸೀನಾ (980-1037) ಅವರಂಥ ವಿದ್ವಾಂಸರ ಕೈಯಲ್ಲಿ ಬೆಳೆದು, ಯುನಾನಿ ಎಂಬ ಹೆಸರಿನಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿತು. ಯುನಾನಿ ಎಂದರೆ ಗ್ರೀಕರದ್ದು ಎಂದೇ ಅರ್ಥ. ಉರ್ದು ಶಾಲೆಯಲ್ಲಿ ಕಲಿತ ನಮ್ಮ ತಲೆಮಾರಿಗೆ 'ಮಿಜಾಜ್' ಎಂದರೆ ಮನುಷ್ಯನ ಸ್ವಭಾವ. ಹಕೀಮರಿಗೆ ಅದು ದೇಹದ ಬಿಸಿ-ತಂಪು, ಒಣ-ತೇವಗಳ ಸಮತೋಲ. ಮುಟ್ಟು ನಿಲ್ಲುವುದಕ್ಕೆ ಅವರು 'ಇಹ್ತಿಬಾಸೆ ತಮ್ಸ್' ಎಂದರು. ಹೆಣ್ಣಿನ ಮೈ ತಂಪಿನದು, ಗಂಡಿನದು ಬಿಸಿಯದು ಎಂಬುದು ಆ ಶಾಸ್ತ್ರದ ನಂಬಿಕೆ. ಆದರೆ ಇಲ್ಲಿ ಒಂದು ಮಾತನ್ನು ನಾವು ಮರೆಯಬಾರದು. ಬಿಸಿಯೂ ತಂಪೂ ಇಬ್ಬರಲ್ಲೂ ಇದೆ, ಅಳತೆಯಲ್ಲಷ್ಟೇ ವ್ಯತ್ಯಾಸ ಎಂದು ಆ ಹಳೆಯ ವೈದ್ಯರು ತಿಳಿದಿದ್ದರು. ಆ ಲೆಕ್ಕಾಚಾರವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೂ 'ಇದು ಅವನದು, ಇದು ಇವಳದು' ಎಂದು ದೇಹದೊಳಗಿನ ರಸಗಳನ್ನು ಪಾಲುಮಾಡಿ ಹಂಚಿದವರು ಅವರಲ್ಲ. ಆ ಕೆಲಸ ನಡೆದದ್ದು ತೀರಾ ಇತ್ತೀಚೆಗೆ, ಯುರೋಪಿನ ಪ್ರಯೋಗಾಲಯಗಳಲ್ಲಿ.

ಹುಂಜದಿಂದ ಹೆಸರಿನವರೆಗೆ

1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬೆರ್ತೋಲ್ಡ್ ಎಂಬ ವಿಜ್ಞಾನಿ ಹುಂಜಗಳ ಬೀಜ ತೆಗೆದು ಪ್ರಯೋಗ ಮಾಡಿದ. ಬೀಜ ಕಳೆದುಕೊಂಡ ಹುಂಜದ ಜುಟ್ಟು ಬಾಡಿತು, ಅದು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟಿತು. ಬೀಜವನ್ನು ಹೊಟ್ಟೆಯೊಳಗೆ ಬೇರೆ ಕಡೆ ನಾಟಿ ಮಾಡಿದಾಗ ಎಲ್ಲವೂ ಮರಳಿ ಬಂತು. ಕೋಳಿ ಅಂಕದ ನಾಡಾದ ತುಳುನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನರಗಳ ಸಂಪರ್ಕವಿಲ್ಲದೆಯೇ ರಕ್ತದ ಮೂಲಕ ಏನೋ ಒಂದು ಹರಿದು ಇಡೀ ದೇಹದ ಚಹರೆಯನ್ನು ಬದಲಿಸುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. 1889ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ವೈದ್ಯ ಬ್ರೌನ್-ಸೆಕ್ವಾರ್ಡ್ ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿ ಇಲಿಗಳ ಬೀಜದ ರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ಸಾರಿದ. ಆ ರಸದಲ್ಲಿ ಅಂಥ ಶಕ್ತಿ ಏನೂ ಇರಲಿಲ್ಲ. ಆದರೆ ಗಂಡಸುತನವನ್ನು ಸೀಸೆಯಲ್ಲಿ ತುಂಬಿ ಮಾರಬಹುದು ಎಂಬ ಆಸೆ ಅಂದಿನಿಂದ ಬೇರುಬಿಟ್ಟಿತು.

1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ 'ಹಾರ್ಮೋನು' ಎಂಬ ಶಬ್ದವನ್ನು ಬಳಕೆಗೆ ತಂದ. 1931ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಬರ್ಲಿನ್ನಿನ ಪೊಲೀಸರಿಂದ ಸಂಗ್ರಹಿಸಿದ ಸಾವಿರಾರು ಲೀಟರ್ ಮೂತ್ರವನ್ನು ಬಟ್ಟಿಯಿಳಿಸಿ, ಕೆಲವೇ ಮಿಲಿಗ್ರಾಂ ಆಂಡ್ರೋಸ್ಟೆರೋನ್ ಪಡೆದ. 1935ರಲ್ಲಿ ಆಮ್‌ಸ್ಟರ್ಡ್ಯಾಮಿನ ಲ್ಯಾಕರ್ ತಂಡದವರು ಹೋರಿಗಳ ಬೀಜದಿಂದ ಇನ್ನೂ ಪ್ರಬಲವಾದ ವಸ್ತುವನ್ನು ಬೇರ್ಪಡಿಸಿ ಅದಕ್ಕೆ 'ಟೆಸ್ಟೋಸ್ಟೆರಾನ್' ಎಂದು ಹೆಸರಿಟ್ಟರು. ಬೀಜಕ್ಕೆ ಇರುವ ಲ್ಯಾಟಿನ್ ಹೆಸರೇ ಆ ಶಬ್ದದ ತಲೆ. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಅವರಿಬ್ಬರಿಗೆ ಸಂದಿತು.

ಹೋರಿಯ ಬೀಜದಲ್ಲಿ ಸಿಕ್ಕಿದ್ದರಿಂದ ಅದು ಗಂಡಸಿನದಾಯಿತು. ಮೊದಲು ಹಸುವಿನ ಅಂಡಾಶಯದಲ್ಲಿ ಸಿಕ್ಕಿದ್ದರೆ ಹೆಸರು ಏನಾಗಿರುತ್ತಿತ್ತೋ! ಯಾಕೆಂದರೆ ಹೆಸರಿಡುವ ಒಂದು ವರ್ಷ ಮೊದಲೇ, 1934ರಲ್ಲಿ, ಬೆರ್ನ್‌ಹಾರ್ಡ್ ಝೋಂಡೆಕ್ ಎಂಬ ವೈದ್ಯ ಗಂಡು ಕುದುರೆಯ ಮೂತ್ರದಲ್ಲಿ 'ಹೆಣ್ಣಿನ ಹಾರ್ಮೋನು' ಎನ್ನಲಾಗುವ ಈಸ್ಟ್ರೋಜೆನ್ ರಾಶಿರಾಶಿಯಾಗಿ ಇರುವುದನ್ನು ಪ್ರಕಟಿಸಿದ್ದ. ಗಂಡು-ಹೆಣ್ಣಿನ ಗೋಡೆ ಕಟ್ಟುವ ಮೊದಲೇ ಬಿರುಕು ಬಿಟ್ಟಿತ್ತು. ಆದರೂ ಹೆಸರು ನಿಂತಿತು, ಗೋಡೆಯೂ ನಿಂತಿತು.

ಇಂದು ನಮಗೆ ತಿಳಿದಿರುವುದು ಇಷ್ಟು. ಟೆಸ್ಟೋಸ್ಟೆರಾನ್ ಹೆಣ್ಣಿನ ದೇಹದಲ್ಲಿ ದಿನವೂ ತಯಾರಾಗುತ್ತದೆ. ಸುಮಾರು ಕಾಲು ಭಾಗ ಅಂಡಾಶಯದಲ್ಲಿ, ಕಾಲು ಭಾಗ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಲ್ಲಿ, ಉಳಿದ ಅರ್ಧ ಕೊಬ್ಬು, ಚರ್ಮ ಮುಂತಾದ ಕಡೆ ಬೇರೆ ಹಾರ್ಮೋನುಗಳ ರೂಪಾಂತರದಿಂದ. ಇನ್ನೂ ದೊಡ್ಡ ಸಂಗತಿಯೆಂದರೆ ಹೆಣ್ಣಿನ ಮುಖ್ಯ ಹಾರ್ಮೋನಾದ ಈಸ್ಟ್ರಡಯೋಲ್ ಹುಟ್ಟುವುದೇ ಟೆಸ್ಟೋಸ್ಟೆರಾನ್‌ನಿಂದ. ಹಾಲಿಲ್ಲದೆ ಮೊಸರಿಲ್ಲ ಎನ್ನುವಂತೆ ಇದಿಲ್ಲದೆ ಅದಿಲ್ಲ. ತಿಂಗಳ ಹೆಚ್ಚಿನ ದಿನಗಳಲ್ಲಿ ಹೆಣ್ಣಿನ ರಕ್ತದಲ್ಲಿ ಈಸ್ಟ್ರಡಯೋಲ್‌ಗಿಂತ ಟೆಸ್ಟೋಸ್ಟೆರಾನ್‌ನ ಕಣಗಳೇ ಹೆಚ್ಚು. ಅಂಡಾಶಯದಲ್ಲಿ ಅಂಡದ ಕೋಶಗಳು ಮೊದಲ ಹಂತದಲ್ಲಿ ಬೆಳೆಯಲು, ಮೂಳೆ ಮತ್ತು ಸ್ನಾಯುಗಳಿಗೆ, ದಾಂಪತ್ಯದ ಆಸೆಗೆ ಅದರ ಪಾಲಿದೆ. ಲ್ಯಾಬಿನ ವರದಿಯಲ್ಲಿ ಹೆಂಗಸರಿಗೆ ಡೆಸಿಲೀಟರಿಗೆ ಸುಮಾರು 15ರಿಂದ 70 ನ್ಯಾನೋಗ್ರಾಂ, ಗಂಡಸರಿಗೆ ಸುಮಾರು 300ರಿಂದ 1000 ಎಂದು ಬರೆದಿರುವುದನ್ನು ನಾವು ನೋಡುತ್ತೇವೆ. ಅಳತೆ ಬೇರೆ, ವಸ್ತು ಒಂದೇ. ಸಾರಿನ ಉಪ್ಪಿಗೂ ಉಪ್ಪಿನಕಾಯಿಯ ಉಪ್ಪಿಗೂ ಇರುವಷ್ಟೇ ವ್ಯತ್ಯಾಸ. ಸಾರಿಗೆ ಹಾಕಿದ ಉಪ್ಪನ್ನು 'ಉಪ್ಪಿನಕಾಯಿಯ ಉಪ್ಪು' ಎಂದು ಯಾರೂ ಕರೆಯುವುದಿಲ್ಲವಲ್ಲ!

ಮುಖದ ಕೂದಲು ಮತ್ತು ಮದುವೆಯ ಮಾತು

ಟೆಸ್ಟೋಸ್ಟೆರಾನ್‌ಗೆ ಹೆಸರಿಟ್ಟ ಅದೇ 1935ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಹೆಂಗಸರ ವಿಷಯವನ್ನು ಪ್ರಕಟಿಸಿದರು. ಮುಟ್ಟು ಸರಿಯಿಲ್ಲ, ಮಕ್ಕಳಾಗುತ್ತಿಲ್ಲ, ಹಲವರಿಗೆ ಮುಖದ ಮೇಲೆ ಕೂದಲು, ಅಂಡಾಶಯದ ತುಂಬ ಸಣ್ಣ ಸಣ್ಣ ನೀರುಗುಳ್ಳೆಗಳಂಥ ಕೋಶಗಳು. ಅದನ್ನೇ ಇಂದು ನಾವು ಪಿಸಿಒಡಿ ಅಥವಾ ಪಿಸಿಒಎಸ್ ಎನ್ನುತ್ತೇವೆ. ಅದಕ್ಕೂ ಮುಂಚೆ, 1921ರಲ್ಲಿ, ಫ್ರಾನ್ಸಿನ ಅಷಾರ್ ಮತ್ತು ತಿಯರ್ಸ್ ಎಂಬವರು 'ಗಡ್ಡ ಬಂದ ಹೆಂಗಸರ ಮಧುಮೇಹ' ಎಂಬುದನ್ನು ಗುರುತಿಸಿದ್ದರು. ಹೆಸರಿನಲ್ಲಿಯೇ ಎಷ್ಟು ನಿರ್ದಯ! ಆದರೆ ಸಕ್ಕರೆ ಕಾಯಿಲೆಗೂ ಮುಖದ ಕೂದಲಿಗೂ ನಂಟಿದೆ ಎಂಬ ಸುಳಿವು ಅದರಲ್ಲಿತ್ತು. ಆ ನಂಟು ಸ್ಪಷ್ಟವಾಗಲು 1980ರವರೆಗೆ ಕಾಯಬೇಕಾಯಿತು. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯಕ್ಕೆ ಇನ್ನಷ್ಟು ಟೆಸ್ಟೋಸ್ಟೆರಾನ್ ತಯಾರಿಸಲು ಪ್ರಚೋದನೆ ಕೊಡುತ್ತದೆ. ಅಂಡ ಬಲಿಯುವುದಿಲ್ಲ, ಮುಟ್ಟು ತಪ್ಪುತ್ತದೆ, ಮೊಡವೆ ಬರುತ್ತದೆ, ಗಲ್ಲದಲ್ಲಿ ಕೂದಲು ಮೂಡುತ್ತದೆ, ತಲೆಯ ಕೂದಲು ಉದುರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಇದು ಇದೆ. ಅವರಲ್ಲಿ ನೂರಕ್ಕೆ 70ರಷ್ಟು ಮಂದಿಗೆ ತಮಗೆ ಹೀಗಿದೆ ಎಂಬುದೇ ತಿಳಿದಿಲ್ಲ. ಈ ಲೆಕ್ಕವನ್ನು ನಮ್ಮ ಕಣ್ಣಳತೆಗೆ ಇಳಿಸಿದರೆ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬೆಳಗ್ಗಿನ ಬಸ್ಸಿನಲ್ಲಿ ಐವತ್ತು ಮಂದಿ ಕಾಲೇಜು ಹುಡುಗಿಯರಿದ್ದರೆ ಅವರಲ್ಲಿ ನಾಲ್ಕೈದು ಮಂದಿಯಾದರೂ ಈ ಕಷ್ಟವನ್ನು ಹೊತ್ತುಕೊಂಡೇ ಹೋಗುತ್ತಿರಬಹುದು.

ನಮ್ಮ ಮನೆಗಳಲ್ಲಿ ಇದು ನಡೆಯುವ ರೀತಿ ನಮಗೆಲ್ಲ ಗೊತ್ತು. ಪಾಣೆಮಂಗಳೂರು, ವಿಟ್ಲ, ಗುರುವಾಯನಕೆರೆಯ ಮನೆಗಳಲ್ಲಿ ಬೀಡಿ ಕಟ್ಟುತ್ತಾ ದಿನವಿಡೀ ಕುಳಿತಿರುವ ಹುಡುಗಿಯರಿದ್ದಾರೆ. ಮೈ ದಪ್ಪವಾದರೆ 'ತಿಂದು ಕೊಬ್ಬಿದ್ದಾಳೆ' ಎನ್ನುತ್ತಾರೆ. ಮುಟ್ಟು ತಪ್ಪಿದರೆ 'ಮದುವೆಯಾದರೆ ಸರಿಹೋಗುತ್ತದೆ' ಎನ್ನುತ್ತಾರೆ. ಗಲ್ಲದ ಕೂದಲಿಗೆ ಅರಸಿನ ಹಚ್ಚುತ್ತಾರೆ, ಬ್ಯೂಟಿ ಪಾರ್ಲರಿಗೆ ಕದ್ದುಮುಚ್ಚಿ ಹೋಗಿ ತ್ರೆಡ್ಡಿಂಗ್ ಮಾಡಿಸುತ್ತಾರೆ. ಮದುವೆಯಾಗಿ ಎರಡು ವರ್ಷ ಕಳೆದು ಮಕ್ಕಳಾಗದಿದ್ದಾಗ ಮೊದಲ ಬಾರಿಗೆ ಡಾಕ್ಟರರ ಬಳಿ ಹೋಗುತ್ತಾರೆ. ಆಗ ಹಳೆಯ ವರದಿಯೇನಾದರೂ ಹೊರಬಂದರೆ 'ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರು' ಎಂಬ ಆಪಾದನೆ ಬರುತ್ತದೆ. ಬಚ್ಚಿಟ್ಟವರು ಹೆತ್ತವರು, ಮಾತು ಕೇಳಬೇಕಾದವಳು ಮಗಳು.

ಪಿಸಿಒಡಿ ಎಂದರೆ ಹೆಣ್ಣು ಗಂಡಾಗುವ ರೋಗವಲ್ಲ. ಹೆಣ್ಣಿನ ಮೈಯ ಸಹಜ ಹಾರ್ಮೋನೊಂದು ಅಳತೆ ಮೀರಿದ್ದರ ಫಲ ಅದು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ತಾಯಂದಿರಾಗುತ್ತಾರೆ. ದೇಹದ ತೂಕ ಸ್ವಲ್ಪ ಇಳಿದರೂ ಕೆಲವರಿಗೆ ಮುಟ್ಟು ಸರಿಹೋಗುತ್ತದೆ. ಆದರೆ ಅಲಕ್ಷ್ಯ ಮಾಡಿದರೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದಿರುವುದು ಗರ್ಭಕೋಶದ ಒಳಪದರಕ್ಕೂ ಒಳ್ಳೆಯದಲ್ಲ. ಹಾಗೆಯೇ, ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ ಬೆಳೆದು ದನಿಯೂ ಒರಟಾದರೆ ಅದನ್ನು ಪಿಸಿಒಡಿ ಎಂದು ನಾವೇ ತೀರ್ಮಾನಿಸಿ ಕೂರಬಾರದು. ಅಬ್ದೇರಾದ ಫೇತೂಸಾಳಂತೆ ಒಳಗೆ ಗಡ್ಡೆ ಇರಬಹುದು. ತಡಮಾಡದೆ ತೋರಿಸಬೇಕು.

ಗೇರುತೋಟದ ಮೇಲೆ ಸುರಿದದ್ದು

ಹಾರ್ಮೋನಿನ ಮಾತು ಬಂದಾಗ ಬೆಳ್ತಂಗಡಿ ತಾಲೂಕಿನವರು ಇನ್ನೊಂದು ಇತಿಹಾಸವನ್ನು ಮರೆಯುವಂತಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗದ ಸರ್ಕಾರಿ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯಾಚೆಯ ಕಾಸರಗೋಡಿನಲ್ಲೂ ಇದೇ ನಡೆಯಿತು. ಕಾಸರಗೋಡಿನ ಬಾಧಿತ ಹಳ್ಳಿಯ 117 ಮಂದಿ ಶಾಲಾ ಬಾಲಕರನ್ನು, ಸಿಂಪಡಣೆ ಇಲ್ಲದ ಊರಿನ 90 ಮಂದಿ ಬಾಲಕರೊಂದಿಗೆ ಹೋಲಿಸಿ ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಬಾಧಿತ ಊರಿನ ಬಾಲಕರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಅವರ ಟೆಸ್ಟೋಸ್ಟೆರಾನ್ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. 2011ರಲ್ಲಿ ಕರ್ನಾಟಕ ಸರ್ಕಾರವೂ, ಬಳಿಕ ದೇಶಾದ್ಯಂತ ಸುಪ್ರೀಂ ಕೋರ್ಟೂ ಅದನ್ನು ನಿಷೇಧಿಸಿತು.

ಈ ಅಧ್ಯಯನದ ಬೆಲೆ ದೊಡ್ಡದು. ಅದರ ಶೀರ್ಷಿಕೆಯಲ್ಲಿಯೇ 'ಗಂಡಿನ ಬೆಳವಣಿಗೆ' ಎಂಬ ಮಾತಿದೆ ಎಂಬುದನ್ನೂ ನಾವು ಗಮನಿಸಬೇಕು. ಟೆಸ್ಟೋಸ್ಟೆರಾನ್ ಎಂದರೆ ಹುಡುಗರ ರಕ್ತ ತೆಗೆಯಬೇಕು ಎಂಬುದು ವಿಜ್ಞಾನಿಗಳಿಗೂ ಸಹಜವಾಗಿಯೇ ತೋರುತ್ತದೆ. ಅದೇ ತೋಟದ ಬದಿಯ ತೋಡಿನಲ್ಲಿ ಬಟ್ಟೆ ಒಗೆದವರು, ಅದೇ ಬಾವಿಯ ನೀರು ಸೇದಿದವರು, ಅದೇ ಮರದಡಿಯಲ್ಲಿ ಗೇರುಬೀಜ ಹೆಕ್ಕಿದವರು ಹೆಂಗಸರು. ಅವರ ಮೈಯಲ್ಲೂ ಅದೇ ಹಾರ್ಮೋನು ಹರಿಯುತ್ತಿತ್ತು.

ಓಟದ ಟ್ರ್ಯಾಕಿನ ಮೇಲೆ

ಮೂಡುಬಿದಿರೆ ಎಂದರೆ ಒಂದು ಕಾಲಕ್ಕೆ ಸಾವಿರ ಕಂಬದ ಬಸದಿ ಮಾತ್ರ ನೆನಪಾಗುತ್ತಿತ್ತು. ಇಂದು ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕೂ ನೆನಪಾಗುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆದದ್ದು ಅಲ್ಲಿಯೇ. ನಾಡಿನ ಮೂಲೆ ಮೂಲೆಯ ಬಡ ಮನೆಗಳ ಹುಡುಗಿಯರು ಓಡುವುದಕ್ಕೆಂದೇ ಆ ಊರಿಗೆ ಬಂದು ಕಲಿಯುತ್ತಾರೆ. ಈ ಹಾರ್ಮೋನಿನ ಹೆಸರು ಅತಿ ಕ್ರೂರವಾಗಿ ಬಳಕೆಯಾದದ್ದು ಇಂಥ ಹುಡುಗಿಯರ ಮೇಲೆಯೇ.

ಅದಕ್ಕೆ ಎರಡು ಮುಖಗಳಿವೆ. ಮೊದಲನೆಯದು ಹೊರಗಿನಿಂದ ತುಂಬುವುದು. 1970-80ರ ದಶಕಗಳಲ್ಲಿ ಪೂರ್ವ ಜರ್ಮನಿಯ ಸರ್ಕಾರವೇ ಯೋಜನೆ ಹಾಕಿ, ಶಾಲೆಯ ವಯಸ್ಸಿನ ಹುಡುಗಿಯರಿಗೂ ಟೆಸ್ಟೋಸ್ಟೆರಾನ್ ಬಳಗದ ಗುಳಿಗೆಗಳನ್ನು 'ವಿಟಮಿನ್' ಎಂದು ನುಂಗಿಸಿತು. ಪದಕಗಳು ಬಂದವು. ಜೊತೆಗೆ ಗಡುಸಾದ ದನಿ, ಮೈಕೂದಲು, ಯಕೃತ್ತಿನ ರೋಗ, ಮಕ್ಕಳಾಗುವಲ್ಲಿ ತೊಂದರೆ. ಆ ದೇಶದ ಕ್ರೀಡಾ ಮುಖ್ಯಸ್ಥನಾಗಿದ್ದ ಮನ್‌ಫ್ರೆಡ್ ಎವಾಲ್ಡ್ ತಪ್ಪಿತಸ್ಥನೆಂದು ಬರ್ಲಿನ್ನಿನ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು. ನಮ್ಮ ಕರಾವಳಿಗೂ ಇಂಥ ನೋವು ತಟ್ಟಿದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಮತ್ತು ಏಷ್ಯನ್ ಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ಊರೇ ಕುಣಿದಿತ್ತು. 2011ರಲ್ಲಿ ಅವರ ಮತ್ತು ಇತರ ಓಟಗಾರ್ತಿಯರ ಮೂತ್ರದಲ್ಲಿ ಅನಾಬೋಲಿಕ್ ಸ್ಟಿರಾಯ್ಡ್ ಪತ್ತೆಯಾಯಿತು. ಉಕ್ರೇನಿನ ತರಬೇತುದಾರ ಕೊಟ್ಟ ಜಿನ್ಸೆಂಗ್ ಎಂಬ ಪುಷ್ಟಿಮದ್ದಿನಲ್ಲಿ ಅದು ಬೆರೆತಿತ್ತು, ತಮಗೆ ತಿಳಿದಿರಲಿಲ್ಲ ಎಂಬುದು ಅವರ ವಾದವಾಗಿತ್ತು. ತರಬೇತುದಾರನನ್ನು ಕೆಲಸದಿಂದ ತೆಗೆದರು. ಮೊದಲು ಒಂದು ವರ್ಷವಾಗಿದ್ದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು. ಪುಡಿ ತಂದುಕೊಟ್ಟವನು ಕೆಲಸ ಕಳೆದುಕೊಂಡು ಹೊರಟುಹೋದ, ಟ್ರ್ಯಾಕಿನಲ್ಲಿ ಹೆಸರು ಕೆಡಿಸಿಕೊಂಡು ಉಳಿದವರು ಹುಡುಗಿಯರು.

ಎರಡನೆಯ ಮುಖ ಇನ್ನೂ ಸೂಕ್ಷ್ಮ. ಹೊರಗಿನಿಂದ ಏನನ್ನೂ ತೆಗೆದುಕೊಳ್ಳದೆ, ಹುಟ್ಟಿನಿಂದಲೇ ಕೆಲವರ ಮೈಯಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿರುತ್ತದೆ. ಅವರು ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವರು. 1966ರಲ್ಲಿ ಬುಡಾಪೆಸ್ಟಿನ ಕೂಟದಲ್ಲಿ ಓಟಗಾರ್ತಿಯರನ್ನು ವೈದ್ಯರ ಮುಂದೆ ಬಟ್ಟೆಯಿಲ್ಲದೆ ನಿಲ್ಲಿಸಿ ಪರೀಕ್ಷಿಸಿದ್ದರು. ಆಮೇಲೆ ವರ್ಣತಂತು ಪರೀಕ್ಷೆ ಬಂತು. ಒಲಿಂಪಿಕ್ ಸಮಿತಿ ಅದನ್ನು 1999ರಲ್ಲಿ ಕೈಬಿಟ್ಟಿತು, ಆದರೆ 'ಸಂಶಯ ಬಂದವರನ್ನು' ಪರೀಕ್ಷಿಸುವ ಪದ್ಧತಿ ಉಳಿಯಿತು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕೂಲಿಕಾರರ ಮಗಳು ಶಾಂತಿ ಸೌಂದರರಾಜನ್ 2006ರ ಡಿಸೆಂಬರಿನಲ್ಲಿ ದೋಹಾ ಏಷ್ಯನ್ ಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಪರೀಕ್ಷೆಯ ಫಲಿತಾಂಶ ಜಗತ್ತಿಗೆಲ್ಲ ಬಹಿರಂಗವಾಯಿತು, ಪದಕವನ್ನು ಕಿತ್ತುಕೊಂಡರು. ಆಕೆ ಆತ್ಮಹತ್ಯೆಗೆ ಯತ್ನಿಸಿದರು, ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ಮಾಡಿದರು. ತರಬೇತುದಾರ್ತಿಯಾಗಿ ಮತ್ತೆ ಮೈದಾನಕ್ಕೆ ಬರಲು ಅವರಿಗೆ ವರ್ಷಗಳೇ ಹಿಡಿದವು.

2011ರಲ್ಲಿ ವಿಶ್ವ ಅಥ್ಲೆಟಿಕ್ ಒಕ್ಕೂಟ ಟೆಸ್ಟೋಸ್ಟೆರಾನ್‌ಗೆ ಗೆರೆ ಎಳೆಯಿತು: ಲೀಟರಿಗೆ 10 ನ್ಯಾನೋಮೋಲ್. ಅದಕ್ಕಿಂತ ಹೆಚ್ಚಿದ್ದರೆ ಮದ್ದು ತಿಂದೋ ಶಸ್ತ್ರಚಿಕಿತ್ಸೆ ಮಾಡಿಸಿಯೋ ಇಳಿಸಿಕೊಂಡು ಬರಬೇಕು. 2014ರಲ್ಲಿ ಒಡಿಶಾದ ನೇಕಾರರ ಮನೆಯ ಮಗಳು ದ್ಯುತಿ ಚಂದ್ ಈ ನಿಯಮದಡಿ ಕಾಮನ್‌ವೆಲ್ತ್ ಕೂಟದಿಂದ ಹೊರಬಿದ್ದರು. ಆಗ ಆಕೆಗೆ ಹದಿನೆಂಟು ವರ್ಷ. ಆಕೆ ತಲೆ ತಗ್ಗಿಸಿ ಮನೆಗೆ ಹೋಗಲಿಲ್ಲ, ನ್ಯಾಯಾಲಯಕ್ಕೆ ಹೋದರು. ಸಹಜವಾಗಿ ಇರುವ ಹೆಚ್ಚಿನ ಟೆಸ್ಟೋಸ್ಟೆರಾನ್‌ನಿಂದ ಎಷ್ಟು ಲಾಭವಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು 2015ರ ಜುಲೈಯಲ್ಲಿ ಕ್ರೀಡಾ ನ್ಯಾಯಾಲಯ ಆ ನಿಯಮವನ್ನು ತಡೆಹಿಡಿಯಿತು. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ದ್ಯುತಿ ಎರಡು ಬೆಳ್ಳಿ ಗೆದ್ದರು. ಮುಂದೆ 2023ರಲ್ಲಿ, ಟೆಸ್ಟೋಸ್ಟೆರಾನ್‌ನಂತೆಯೇ ಕೆಲಸ ಮಾಡುವ ನಿಷೇಧಿತ ಮದ್ದು ಪತ್ತೆಯಾಗಿ ಆಕೆಗೆ ನಾಲ್ಕು ವರ್ಷದ ನಿಷೇಧ ಬಿತ್ತು ಎಂಬುದನ್ನೂ ಹೇಳಲೇಬೇಕು. ಅದು ಹೊರಗಿನದು, ಇದು ಹುಟ್ಟಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಗೆರೆ ಮತ್ತೆ ಮತ್ತೆ ಸರಿಯಿತು. 2018ರಲ್ಲಿ ಕೆಲವು ಓಟಗಳಿಗೆ 5, 2023ರಲ್ಲಿ ಎಲ್ಲ ಸ್ಪರ್ಧೆಗಳಿಗೂ 2.5. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಹೆಣ್ಣುಮಕ್ಕಳಿಗೆ ಜೀವನದಲ್ಲೊಮ್ಮೆ ಜೀನ್ ಪರೀಕ್ಷೆಯನ್ನೇ ಕಡ್ಡಾಯ ಮಾಡಿತು. ಮಹಿಳಾ ವಿಭಾಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಬೇಕು ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಪ್ರಾಯಕ್ಕೆ ಬಂದ ಗಂಡಸರಿಗೆ ಈ ಹಾರ್ಮೋನಿನಿಂದ ಬಲ ಹೆಚ್ಚುವುದು ನಿಜ, ಪಕ್ಕದ ಲೇನಿನಲ್ಲಿ ಓಡುವವಳೂ ಬಡವರ ಮಗಳೇ. ಆದರೆ ಗುಟ್ಟಾಗಿ ಇಡಬೇಕಾದ ಪರೀಕ್ಷೆಯನ್ನು ಬೀದಿಗೆ ತಂದು, ತನ್ನ ಮೈಯ ಬಗ್ಗೆ ತನಗೇ ತಿಳಿಯದ ಸಂಗತಿಯನ್ನು ಹಳ್ಳಿಯ ಹುಡುಗಿಯೊಬ್ಬಳು ಟಿವಿಯ ಸುದ್ದಿಯಿಂದ ತಿಳಿಯುವಂತೆ ಮಾಡುವುದಕ್ಕೆ ಯಾವ ಸಮಾನತೆಯ ಸಮರ್ಥನೆಯೂ ಇಲ್ಲ.

ತೆಗೆದುಹಾಕಿದ ಅಂಡಾಶಯ

ಹೆಚ್ಚಾದರೆ ಹೀಗೆ. ಕಡಿಮೆಯಾದರೆ? ಹೆಣ್ಣಿನಲ್ಲಿ ಟೆಸ್ಟೋಸ್ಟೆರಾನ್ ಇಪ್ಪತ್ತರ ಹರೆಯದ ಬಳಿಕ ನಿಧಾನವಾಗಿ ಇಳಿಯುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್‌ನಂತೆ ಅದು ತಟ್ಟನೆ ಕುಸಿಯುವುದಿಲ್ಲ. ಅಂಡಾಶಯ ಆಮೇಲೂ ಅದನ್ನು ಸ್ವಲ್ಪ ಸ್ವಲ್ಪ ತಯಾರಿಸುತ್ತದೆ. ಆದರೆ ಎರಡೂ ಅಂಡಾಶಯಗಳನ್ನು ಕತ್ತರಿಸಿ ತೆಗೆದರೆ ಒಮ್ಮೆಗೇ ಸುಮಾರು ಅರ್ಧದಷ್ಟು ಇಳಿಯುತ್ತದೆ. ಈಸ್ಟ್ರೋಜೆನ್ ಕೂಡ ನಿಲ್ಲುತ್ತದೆ. ಮೂಳೆ ಸವೆಯುತ್ತದೆ, ಮೈ ಬಿಸಿಯೇರುತ್ತದೆ, ನಿದ್ದೆ ಬರುವುದಿಲ್ಲ, ಬದುಕಿನ ಉತ್ಸಾಹವೇ ಹೋಗುತ್ತದೆ.

1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟಿ ಎಂಬ ವೈದ್ಯ, ಯಾವ ರೋಗವೂ ಇಲ್ಲದ ಅಂಡಾಶಯಗಳನ್ನು ನರದೌರ್ಬಲ್ಯಕ್ಕೂ ಮನಸ್ಸಿನ ಕಾಯಿಲೆಗೂ ಚಿಕಿತ್ಸೆಯೆಂದು ತೆಗೆಯತೊಡಗಿದ. ಅದು ಹಳೆಯ ಕಾಲದ ಅಜ್ಞಾನ ಎಂದು ನಾವು ಬದಿಗಿಡುವಂತಿಲ್ಲ. ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಬಡ ಲಂಬಾಣಿ ಮತ್ತು ದಲಿತ ಹೆಂಗಸರು ಹೊಟ್ಟೆನೋವು, ಬಿಳಿಮುಟ್ಟು ಎಂದು ಆಸ್ಪತ್ರೆಗೆ ಹೋದಾಗ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದ ವಿಚಾರ 2015ರಲ್ಲಿ ಬಯಲಿಗೆ ಬಂತು. 2017ರ ಫೆಬ್ರವರಿಯಲ್ಲಿ ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಅವರಲ್ಲಿ ನಲವತ್ತು ತುಂಬದವರು ಬಹಳ ಮಂದಿ. ಇಂಥದೇ ದೂರುಗಳು ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಿಂದಲೂ ಬಂದಿದ್ದವು. ಡಾ. ನರೇಂದ್ರ ಗುಪ್ತ ಅವರು ಹೂಡಿದ ಮೊಕದ್ದಮೆಯಲ್ಲಿ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

'ಮಕ್ಕಳಾಯಿತಲ್ಲ, ಇನ್ನು ಅದು ಯಾಕೆ? ತೆಗೆಸಿಬಿಡು' ಎಂಬ ಮಾತು ನಮ್ಮ ಕಡೆಯೂ ಕಿವಿಗೆ ಬೀಳದ ಮಾತಲ್ಲ. ರೋಗವಿದ್ದಾಗ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆಯನ್ನು ಕೇಳುವ ಹಕ್ಕು ಪ್ರತಿ ಹೆಂಗಸಿಗೂ ಇದೆ: "ಡಾಕ್ಟ್ರೇ, ಗರ್ಭಕೋಶ ಮಾತ್ರ ತೆಗೆಯುತ್ತೀರಾ, ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ?" ಈ ಪ್ರಶ್ನೆಯನ್ನು ಗಂಡ ಕೇಳಿದರೂ ಆದೀತು, ಅಣ್ಣ ಕೇಳಿದರೂ ಆದೀತು. ಆದರೆ ಉತ್ತರವನ್ನು ಆಕೆಗೇ ಹೇಳಬೇಕು.

ಮದ್ದಿನ ಮಾರುಕಟ್ಟೆ

ಅಂಡಾಶಯ ಕಳೆದುಕೊಂಡ ಹೆಂಗಸರಿಗೆ ಟೆಸ್ಟೋಸ್ಟೆರಾನ್ ಕೊಡುವ ಪ್ರಯತ್ನ 1940ರ ದಶಕದಷ್ಟು ಹಳೆಯದು. 2000ದಲ್ಲಿ ಅಮೆರಿಕದಲ್ಲಿ ಅಂಥ 75 ಮಂದಿಯ ಮೇಲೆ ಚರ್ಮದ ಪಟ್ಟಿಯ ಪರೀಕ್ಷೆ ನಡೆದಾಗ ದಾಂಪತ್ಯದ ಆಸೆ ಕೆಲಮಟ್ಟಿಗೆ ಮರಳಿದ್ದು ಕಂಡಿತು. 2004ರಲ್ಲಿ ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ, ದೀರ್ಘಕಾಲದ ಸುರಕ್ಷತೆ ತಿಳಿದಿಲ್ಲವೆಂದು 'ಇಂಟ್ರಿನ್ಸಾ' ಎಂಬ ಪಟ್ಟಿಗೆ ಒಪ್ಪಿಗೆ ಕೊಡಲಿಲ್ಲ. ಯುರೋಪು 2006ರಲ್ಲಿ ಒಪ್ಪಿತು, 2012ರಲ್ಲಿ ಅದು ಅಲ್ಲಿಂದಲೂ ಮಾಯವಾಯಿತು. ಆಸ್ಟ್ರೇಲಿಯಾ 2020ರಲ್ಲಿ ಹೆಂಗಸರಿಗೆಂದೇ ತಯಾರಿಸಿದ ಕ್ರೀಮಿಗೆ ಮಾನ್ಯತೆ ನೀಡಿತು.

2019ರಲ್ಲಿ ಹಲವು ದೇಶಗಳ ವೈದ್ಯಕೀಯ ಸಂಘಗಳು ಸೇರಿ ಒಮ್ಮತದ ಹೇಳಿಕೆ ಹೊರಡಿಸಿದವು. ಮುಟ್ಟು ನಿಂತ ಬಳಿಕ, ದಾಂಪತ್ಯದ ಆಸೆ ಕುಂದಿ ಅದರಿಂದ ಮನಸ್ಸಿಗೆ ನೋವಾಗುತ್ತಿರುವ ಹೆಂಗಸರಿಗೆ ಮಾತ್ರ ಈ ಚಿಕಿತ್ಸೆಗೆ ಪುರಾವೆಯಿದೆ. ಸುಸ್ತಿಗೆ, ಮರೆವಿಗೆ, ಮೂಳೆಗೆ, 'ಯೌವನಕ್ಕೆ' ಇಲ್ಲ. ರಕ್ತದ ಅಂಕಿಯೊಂದನ್ನೇ ನೋಡಿ 'ನಿನಗೆ ಕಡಿಮೆಯಿದೆ' ಎನ್ನಲೂ ಆಗದು. ಹೆಂಗಸರಿಗೆ ಬೇಕಾದದ್ದು ಗಂಡಸರ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗ. ಗಂಡಸರ ಜೆಲ್ಲನ್ನು ಅಂದಾಜಿನಲ್ಲಿ ಹಚ್ಚಿಕೊಂಡರೆ ಒರಟಾದ ದನಿ ಮತ್ತೆ ಮೆತ್ತಗಾಗದೆ ಹೋಗಬಹುದು. ಪ್ಯಾರಿಸ್ಸಿನ ಬ್ರೌನ್-ಸೆಕ್ವಾರ್ಡನ ವಾರಸುದಾರರು ಇಂದು ಮೊಬೈಲಿನ ಜಾಹೀರಾತಿನಲ್ಲಿ ಬಂದು ಕುಳಿತಿದ್ದಾರೆ. ಅವರಿಂದ ನಾವು ಎಚ್ಚರವಾಗಿರಬೇಕು.

ಈ ಚಿಕಿತ್ಸೆಯ ಇತಿಹಾಸದಲ್ಲಿ ಇನ್ನೊಂದು ಸಂಗತಿ ಅಡಗಿದೆ. ದಾಂಪತ್ಯದ ಆಸೆ ಎಂಬುದು ಹೆಣ್ಣಿಗೂ ಇದೆ, ಅದು ಕುಂದಿದರೆ ಆಕೆಗೂ ನೋವಾಗುತ್ತದೆ ಎಂದು ಒಪ್ಪಿಕೊಳ್ಳಲು ವೈದ್ಯಲೋಕಕ್ಕೇ ಇಷ್ಟು ಕಾಲ ಹಿಡಿಯಿತು. ನಮ್ಮ ಹೆಂಗಸರು ಈ ಮಾತನ್ನು ಡಾಕ್ಟರರ ಮುಂದಲ್ಲ, ಹೆತ್ತ ತಾಯಿಯ ಮುಂದೂ ಆಡುವುದಿಲ್ಲ. ಗಂಡಸರ 'ಶಕ್ತಿ'ಯ ಮದ್ದಿನ ಜಾಹೀರಾತು ಗೋಡೆಗೋಡೆಯ ಮೇಲೆ ರಾಜಾರೋಷವಾಗಿ ಮೆರೆಯುವ ಊರಿನಲ್ಲಿ, ಹೆಂಗಸೊಬ್ಬಳು ತನ್ನ ಮುಟ್ಟಿನ ಮಾತ್ರೆಯನ್ನು ಅಕ್ಕಿಯ ಡಬ್ಬದಲ್ಲಿ ಅಡಗಿಸಿಡುತ್ತಾಳೆ.

ವಿಜ್ಞಾನ ಹೆಸರಿಡುವಾಗ ಅವಸರ ಮಾಡಿತು. ಆ ಹೆಸರನ್ನು ಇನ್ನು ಬದಲಿಸುವುದು ಕಷ್ಟ. ಆದರೆ ಅದರ ಹಿಂದೆ ನಾವೇ ಕಟ್ಟಿಕೊಂಡ ನಾಚಿಕೆಯನ್ನು ಬಿಚ್ಚಿಡುವುದು ನಮ್ಮ ಕೈಯಲ್ಲೇ ಇದೆ. ಹುಡುಗಿಗೆ ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಆದದ್ದು ತಿಂಗಳುಗಟ್ಟಲೆ ನಿಂತರೆ, ಅದು ಹಲ್ಲುನೋವಿನಂತೆ ತೋರಿಸಬೇಕಾದ ಆರೋಗ್ಯದ ಮಾತು, ಮನೆತನದ ಮಾನದ ಮಾತಲ್ಲ. ಗಲ್ಲದ ನಾಲ್ಕು ಕೂದಲು ಹೆಣ್ಣಿನ ಹೆಣ್ತನಕ್ಕೆ ಸಾಕ್ಷಿ ಹೇಳಲಾರವು. ಓಡುವ ಹುಡುಗಿಯ ಮೈಕಟ್ಟು ನೋಡಿ 'ಇವಳೇನು ಹುಡುಗಿಯಾ?' ಎಂದು ಗ್ಯಾಲರಿಯಲ್ಲಿ ಕುಳಿತು ನಗುವವರು, ತಮ್ಮ ಮನೆಯ ಹೆಂಗಸರ ರಕ್ತದಲ್ಲೂ ಅದೇ ಹಾರ್ಮೋನು ಹರಿಯುತ್ತಿದೆ ಎಂಬುದನ್ನು ತಿಳಿದರೆ ಸಾಕು. ಆ ವರದಿಯನ್ನು ಯಾವ ತಾಯಿಯೂ ನಾಲ್ಕು ಮಡಿಕೆ ಮಾಡಿ ಬಚ್ಚಿಡಬೇಕಾಗಿಲ್ಲ. ಮಗಳ ಕೈಗೇ ಕೊಟ್ಟು, ಅವಳೊಂದಿಗೆ ಕುಳಿತು ಓದಬಹುದು.